ಹರಿಕ್ಲಿಯಾಳ ಬೈಗುಳ

ಗ್ರೀಸಿನ ಕವಾಲಾದ ಹೆಂಗಸರಿಗೆ ಡಾಕ್ಟರ ವರದಿಗಿಂತ ಹರಿಕ್ಲಿಯಾಳ ಬಾಯಿಯ ಮೇಲೆ ನಂಬಿಕೆ ಹೆಚ್ಚು. ಬಂದರಿನ ಮೇಲಿನ ಬೀದಿಯ ಸ್ಕ್ಯಾನ್ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ಎಂಆರ್‌ಐ ಯಂತ್ರ ನಡೆಸುವವಳು ಅವಳೇ. ಫಲಿತಾಂಶ ಹೇಳುವ ಹಕ್ಕು ಅವಳಿಗಿಲ್ಲ. ಸ್ತನದಲ್ಲಿ ಏನೂ ಕಾಣದಿದ್ದರೂ "ಚೆನ್ನಾಗಿದ್ದೀಯ" ಎಂದು ಹೇಳಿ ದೃಷ್ಟಿ ತಗುಲಿಸುವವರು ಯಾರು? ಮುದ್ದು ಮಗುವನ್ನೂ ಮೂರು ಸಲ ಉಗಿದೇ ಹೊಗಳುವ ಊರದು. ಆದ್ದರಿಂದ ಏನೂ ಕಾಣದವರನ್ನು ಅವಳು ಬೈಯುತ್ತಿದ್ದಳು.

"ಥೂ ಥೂ ಥೂ, ಏಳೇ ಮೂದೇವಿ. ಕೆಲಸ ಇಲ್ದೆ ಬಂದು ನನ್ನ ಹೊತ್ತು ಹಾಳ್ಮಾಡ್ದೆ."

ಬೈದು ಹೇಳುವವರು ಬದುಕಲು ಹೇಳುತ್ತಾರೆ ಎಂಬ ಗಾದೆ ಅಲ್ಲಿ ಪೂರಾ ನಿಜ. ಬೈಸಿಕೊಂಡವಳು ನಗುತ್ತ ಮೆಟ್ಟಿಲಿಳಿಯುತ್ತಿದ್ದಳು. ಹರಿಕ್ಲಿಯಾ ಕೋಟಿನ ಗುಂಡಿ ಹಾಕಿಕೊಟ್ಟು "ಹುಷಾರಾಗಿ ಹೋಗಮ್ಮ" ಎಂದರೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು.

ಈ ಸಲ ಗಂಟು ಅವಳದೇ ಎಡ ಸ್ತನದಲ್ಲಿ, ಆಲಿವ್ ಬೀಜದಷ್ಟು. ಮ್ಯಾಮೊಗ್ರಾಂ ನೋಡಿದ ಡಾಕ್ಟರು, ನುಣ್ಣಗೆ ದುಂಡಗಿದೆ, ಕ್ಯಾನ್ಸರ್ ಅಲ್ಲದ ಸಾಧು ಗಂಟು, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಹರಿಕ್ಲಿಯಾಳಿಗೆ ಸಮಾಧಾನವಾಗಲಿಲ್ಲ. ಮೀನು ಮಾರುವ ಲೆಮೊನಿಯಾಳ ಗಂಟೂ ಹೀಗೇ ಸಾಧುವಿನಂತೆ ಕೂತಿತ್ತು. ಎಂಆರ್‌ಐನಲ್ಲಿ ಗಂಟನ್ನು ಬೆಳಗಿಸಿ ತೋರಿಸುವ ಔಷಧಿ ರಕ್ತಕ್ಕೆ ಹರಿದಾಗ ಅದರ ಅಂಚು ಮಾತ್ರ ಉಂಗುರದಂತೆ ಬೆಳಗಿತು, ನಡುವೆ ಕತ್ತಲೆ ಉಳಿಯಿತು. ಸೂಜಿ ಹಾಕಿ ತೆಗೆದ ಚೂರಿನಲ್ಲಿ ಅಪರೂಪದ ಕ್ಯಾನ್ಸರ್ ಸಿಕ್ಕಿತು. ಲೆಮೊನಿಯಾ ಮುಂದಿನ ಈಸ್ಟರ್ ಕಾಣಲಿಲ್ಲ. ಹರಿಕ್ಲಿಯಾ ಹಟ ಹಿಡಿದು ಎಂಆರ್‌ಐ ಬರೆಸಿಕೊಂಡಳು.

ಯಂತ್ರದ ಮುಂದೆ ಅಂದು ಸ್ಮಾರೊ ಕೂತಿದ್ದಳು. ಕೆಲಸವನ್ನೂ ಬೈಗುಳವನ್ನೂ ಹರಿಕ್ಲಿಯಾಳಿಂದಲೇ ಕಲಿತವಳು. ಹನ್ನೆರಡು ವರ್ಷದಲ್ಲಿ ಇಬ್ಬರೂ ಬೈದಾಡದೆ ನೆಟ್ಟಗೆ ಮಾತಾಡಿದ್ದಿಲ್ಲ.

"ಒಳಂಗಿಯ ಮಣಿ ಪಿನ್ನು ತೆಗೀರಿ," ಎಂದಳು ಸ್ಮಾರೊ. "ದೃಷ್ಟಿಮಣಿ ಬಚ್ಚಿಟ್ಕೊಂಡು ಬರ್ತಾರೆ ಅಂತ ಊರಿಗೆಲ್ಲ ಬೈತೀರಿ. ಈಗ ನೀವೇ?"

"ಮರೆತೆ ಕಣೇ, ನಿನ್ನ ಮುಖ ನೋಡಿ."

"ಸುಳ್ಳಿ. ಬೋರಲು ಮಲಗಿ."

ಬೈಗುಳ ಕೇಳಿ ಹರಿಕ್ಲಿಯಾಳಿಗೆ ಹಿತವೆನಿಸಿತು. ಯಂತ್ರ ದಡಬಡ ಬಡಿಯಿತು. ತೋಳಿನಲ್ಲಿ ಔಷಧಿ ತಣ್ಣಗೆ ಏರಿತು. ಈಗ ಸ್ಮಾರೊ ನೋಡುತ್ತಿದ್ದಾಳೆ ಎಂದುಕೊಂಡಳು. ಇಷ್ಟು ವರ್ಷ ತನ್ನ ಕಣ್ಣೆದುರೇ ಹೆಂಗಸರು ಹೀಗೆ ಹೆದರಿ ಮಲಗಿದ್ದರೆಂದು ಅವಳು ಯೋಚಿಸಿರಲೇ ಇಲ್ಲ.

ಸದ್ದು ನಿಂತಿತು. ಸ್ಮಾರೊ ಬಂದು ಅವಳನ್ನು ಎಬ್ಬಿಸಿ ಕೂರಿಸಿದಳು. ಸ್ವೆಟರ್ ತೊಡಿಸಿದಳು. ಮಣಿಯ ಪಿನ್ನನ್ನು ತಾನೇ ಚುಚ್ಚಿಕೊಟ್ಟಳು. ಆಮೇಲೆ ನೆಲಕ್ಕೆ ಮಂಡಿಯೂರಿ ಅವಳ ಶೂ ಲೇಸು ಕಟ್ಟಿದಳು.

"ಹೊರಗೆ ಗಾಳಿ ಇದೆ ಅಕ್ಕ, ಕುತ್ತಿಗೆ ಮುಚ್ಕೊಳಿ."

ಹರಿಕ್ಲಿಯಾ ಅವಳ ಭುಜ ಹಿಡಿದಳು.

"ಸ್ಮಾರೊ," ಎಂದಳು, "ಬೈಯೇ. ಒಂದು ಸಲ ಬೈದ್ಬಿಡೇ."

ಸ್ಮಾರೊ ತಲೆಯೆತ್ತಲಿಲ್ಲ. ಕಟ್ಟಿದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದಳು.