ಅಚ್ಚು ಸರಿದ ರೂಪಾಯಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ರೂಪಾಯಿ ನನ್ನ ಕೈ ತಪ್ಪಿದ್ದು ನನ್ನದೇ ಸುಳ್ಳಿನಿಂದ. ಬೇರೆ ಯಾರ ಮೇಲಾದರೂ ಹಾಕೋಣವೆಂದು ಐದಾರು ವರ್ಷ ಹುಡುಕಿದೆ, ಅಳತೆಗೆ ಹೊಂದುವವರು ಯಾರೂ ಸಿಗಲಿಲ್ಲ.

ಮೊನ್ನೆ ಹಳಿಯಾಳದ ಕಿರಾಣಿ ಅಂಗಡಿಯವ ನನಗೆ ಚಿಲ್ಲರೆ ಕೊಡಲು ನಾಣ್ಯದ ಹೊಸ ಸುರುಳಿಯೊಂದನ್ನು ಕಟ್ಟೆಯ ಅಂಚಿಗೆ ಕುಟ್ಟಿ ಒಡೆದ. ಕಾಗದ ಹರಿದು ರೂಪಾಯಿಗಳು ಝಲ್ಲನೆ ಚೆಲ್ಲಿದವು. ಆ ಸಪ್ಪಳ ಕಿವಿಗೆ ಬಿತ್ತೆಂದರೆ ನನ್ನ ಬೆರಳುಗಳು ನನ್ನ ಮಾತು ಕೇಳುವುದಿಲ್ಲ. ಒಂದೊಂದಾಗಿ ಮಗುಚಿ ನೋಡತೊಡಗಿದೆ. ಅಂಗಡಿಯವ ಮೆಲ್ಲಗೆ ನನ್ನ ಕೈ ಹಿಡಿದು, “ಸಾಹೇಬ್ರ, ಅದರಾಗ ಮೂರ ನಿಮ್ಮವು” ಅಂದ. ಎಷ್ಟಿವೆ ಅಂತ ನಾನು ನೋಡುತ್ತಿರಲಿಲ್ಲ ಮಾರಾಯರೆ, ಯಾವುದು ಕೆಟ್ಟಿದೆ ಅಂತ ನೋಡುತ್ತಿದ್ದೆ. ಇದನ್ನು ಅವನಿಗೆ ಹೇಗೆ ಹೇಳುವುದು? ನಿಮಗೆ ಹೇಳುತ್ತೇನೆ.

ಆಗ ನಾನು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಹಾಳೆ ಆರಿಸುವ ಕೆಲಸದಲ್ಲಿದ್ದೆ. ಹಾಳೆಯ ರಾಶಿಯ ಮೂಲೆ ಹಿಡಿದು ಬೀಸಣಿಗೆಯಂತೆ ಬಿಡಿಸುತ್ತ ಹೋಗಬೇಕು. ಡಾಗು ಎಂಬ ಕಲೆ, ಸುಕ್ಕು, ತೂತು ಕಂಡದ್ದನ್ನು ಎಳೆದು ಬುಟ್ಟಿಗೆ ಹಾಕಬೇಕು, ಅದರ ಜಾಗಕ್ಕೆ ಒಳ್ಳೆಯದೊಂದನ್ನು ಸೇರಿಸಬೇಕು. ಕಟ್ಟಿನಲ್ಲಿ ಐನೂರು ಅಂದರೆ ಐನೂರೂ ಒಳ್ಳೆಯವೇ ಇರಬೇಕು. ಕೆಟ್ಟದ್ದು ಮರಳಿ ಹೋಗಿ, ಕರಗಿ, ಮತ್ತೆ ಕಾಗದವಾಗುತ್ತಿತ್ತು.

ಇದು ಸಂಬಳದ ಕೆಲಸ. ನನ್ನ ನಿಜವಾದ ಕಸುಬು ಬೇರೆಯವರ ದನಿ ತೆಗೆಯುವುದು. ಮೇಸ್ತ್ರಿ ಬೈಯುವ ಮೊದಲು ಕೆಮ್ಮುವ ಕೆಮ್ಮು, ಜೊಯಿಡಾ ಬಸ್ಸಿನ ಕಂಡಕ್ಟರನ ಮೂಗಿನಿಂದ ಬರುವ ಕೊಂಕಣಿ, ಪಕ್ಕದ ಮೇಜಿನ ಕಾಶವ್ವಕ್ಕನ ಮೂರು ಕಂತಿನ ಸೀನು, ಯಾವುದನ್ನೂ ಬಿಟ್ಟವನಲ್ಲ. ಆದರೆ ನನ್ನದೇ ದನಿ ಹೇಗಿದೆಯೆಂದು ನನಗೆ ಗೊತ್ತಿರಲಿಲ್ಲ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹಳೆಯ ಟೇಪ್‌ರೆಕಾರ್ಡರು ಮಾರಾಟಕ್ಕಿತ್ತು, ಮುನ್ನೂರು ರೂಪಾಯಿ. ಮನೆಗೆ ಕಳಿಸಿ ಉಳಿದ ನನ್ನ ಸಂಬಳದಲ್ಲಿ ಅದರ ಒಂದು ಗುಂಡಿ ಬರುತ್ತಿತ್ತೇನೋ.

ಅದೇ ಓಣಿಯಲ್ಲಿ ಹಳೆಯ ನಾಣ್ಯ, ಅಂಚೆಚೀಟಿ ಮಾರುವ ಕಾಕಾ ಒಬ್ಬನಿದ್ದ. ಟೇಪ್‌ರೆಕಾರ್ಡರನ್ನು ಕಣ್ಣಿನಿಂದಲೇ ಸವೆಸಿ ಬರುವಾಗ ಅವನ ಅಂಗಡಿಯ ಮುಂದೆ ನಿಂತೆ. ಅವನು ಮಖಮಲ್ಲಿನ ತುಂಡಿನಿಂದ ಒಂದು ರೂಪಾಯಿ ತೆಗೆದು ತೋರಿಸಿದ. ಸಿಂಹಗಳು ನಾಣ್ಯದ ನಡುವಿನಿಂದ ಜಾರಿ ಅರ್ಧ ಹೊರಗೆ ಹೋಗಿದ್ದವು. ಉಳಿದ ಜಾಗ ಮೂರನೆಯ ದಿನದ ಚಂದ್ರನ ಹಾಗೆ ಬೋಳು.

“ಟಂಕಸಾಲ್ಯಾಗ ಅಚ್ಚು ಸರದಿದ್ದು ಇದು. ಲಕ್ಷಕ್ಕ ಒಂದ ಹಿಂಗ ತಪ್ಪಿ ಹೊರಗ ಬರತೈತಿ” ಅಂದ.

“ಕಾಕಾ, ಇಂಥಾದ್ದು ನಾ ತಂದ್ರ?”

“ತಾ. ಮುನ್ನೂರು ಎಣಿಸಿ ಕೊಡ್ತೇನಿ.”

ಮುನ್ನೂರು. ನೀವೇ ಹೇಳಿ, ಇದಕ್ಕಿಂತ ಸ್ಪಷ್ಟವಾಗಿ ದೇವರು ಮಾತಾಡುವುದುಂಟೆ? ದಿನಕ್ಕೆ ಸಾವಿರಾರು ಹಾಳೆಯಲ್ಲಿ ತಪ್ಪು ಹುಡುಕುವ ನನಗೆ ನಾಣ್ಯದಲ್ಲಿ ಹುಡುಕುವುದು ಯಾವ ಲೆಕ್ಕ?

ಆ ವರ್ಷ ಸಣ್ಣ ನೋಟಿಗೆ ಬರ ಬಂದಿತ್ತು. ದಾಂಡೇಲಿಯ ಬ್ಯಾಂಕಿನವರು ಹೊಸ ರೂಪಾಯಿಗಳನ್ನು ಐವತ್ತರಂತೆ ಕಂದು ಕಾಗದದಲ್ಲಿ ಸುತ್ತಿ, ಕೇಳಿದವರಿಗೆಲ್ಲ ಸಂತೋಷದಿಂದ ದಾಟಿಸುತ್ತಿದ್ದರು. ಪಗಾರದ ಮರುದಿನ, ಮನೆಗೆ ಕಳಿಸಿ ಉಳಿದದ್ದೆಲ್ಲ ಸುರುಳಿಯಾಗಿ ನನ್ನ ಖೋಲಿಗೆ ಬರುತ್ತಿತ್ತು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಜಾರುವ ಪ್ಯಾಂಟು ಹಿಡಿದು ನಾನು ನಡೆಯುವುದನ್ನು ನೋಡಿ ಓಣಿಯ ನಾಯಿಗಳೂ ದಾರಿ ಬಿಡುತ್ತಿದ್ದವು.

ನನ್ನ ಖೋಲಿಯ ಜೊತೆಗಾರ ಬಸ್ತ್ಯಾಂವ. ಹಳಿಯಾಳದ ಕಡೆಯ ಸಿದ್ದಿ, ನನ್ನದೇ ವಾರಿಗೆಯವ, ಮಿಲ್ಲಿನಲ್ಲಿ ಲಾರಿ ತುಂಬುವ ಕೆಲಸ. ನಿಜ ಗೊತ್ತಿದ್ದದ್ದು ಅವನೊಬ್ಬನಿಗೆ. ನಾಣ್ಯ ಸಿಕ್ಕರೆ ಅವನಿಗೊಂದು ಕೋಳಿ ಊಟವೆಂದು ಕರಾರು. ಭಾನುವಾರ ಚಾಪೆಯ ಮೇಲೆ ಸುರುಳಿ ಒಡೆದು ಕೂರುತ್ತಿದ್ದೆವು. ಸಿಂಹದ ಮುಖ ನೋಡು, ತಿರುಗಿಸು, ತೆನೆ ನೋಡು, ಅಂಚು ಸವರು, ಮುಂದಿನದು. ಪ್ರತಿಯೊಂದು ತಿರುವುವಾಗಲೂ ಇದೇ ಅದು ಅನ್ನಿಸುತ್ತಿತ್ತು. ಇಸ್ಪೀಟಿನಲ್ಲೂ ನನಗೆ ಆ ಸುಖ ಸಿಕ್ಕಿಲ್ಲ.

ಒಮ್ಮೆ ಬಸ್ತ್ಯಾಂವ ಒಂದನ್ನು ಬೆಳಕಿಗೆ ಹಿಡಿದ. ಒಂದು ಬದಿಯಲ್ಲಿ ಅಚ್ಚೇ ಇಲ್ಲ, ಬರೀ ಬೋಳು. ನಾನು ಎದ್ದು ಹುಬ್ಬಳ್ಳಿ ಕಾಕಾನ ದನಿಯಲ್ಲಿ “ಮುನ್ನೂರು ಎಣಿಸಿ ಕೊಡ್ತೇನಿ” ಅನ್ನುತ್ತ ಖೋಲಿಯಲ್ಲಿ ಮೂರು ಸುತ್ತು ಹಾಕಿದೆ. ಬಸ್ತ್ಯಾಂವ ಅನುಮಾನದಿಂದ ಉಗುರಿನಲ್ಲಿ ಕೆರೆದ. ಸುರುಳಿಗೆ ಹಚ್ಚಿದ ಅಂಟು ಹಪ್ಪಳದಂತೆ ಎದ್ದು ಬಂತು, ಕೆಳಗೆ ಸಿಂಹ ಸುಖವಾಗಿ ಕೂತಿತ್ತು.

“ಕೋಳಿ ಓಡಿ ಹೋತು ಬಾ” ಅಂದ ಬಸ್ತ್ಯಾಂವ.

ನೋಡಿ ಮುಗಿದ ನಾಣ್ಯಗಳನ್ನು ಅವನೇ ಮುಂಡಗೋಡದ ಸಂತೆಯಲ್ಲಿ ಅಕ್ಕಿ, ಒಣಮೀನು ಕೊಂಡು ಸಾಗಿಸುತ್ತಿದ್ದ. ನಾಲ್ಕು ತಿಂಗಳು ಹೀಗೇ ನಡೆಯಿತು.

ಐದನೆಯ ತಿಂಗಳು ನಾನೊಂದು ದೊಡ್ಡ ಬುದ್ಧಿವಂತಿಕೆ ಮಾಡಿದೆ. ನಮ್ಮ ವಿಭಾಗದಲ್ಲಿ ಕಾಶವ್ವಕ್ಕನ ಕಣ್ಣಿನಂಥ ಕಣ್ಣು ಇನ್ನೊಂದಿರಲಿಲ್ಲ. ಧಾರವಾಡದ ಕಡೆಯಿಂದ ಬಂದ ಹೆಂಗಸು, ಹದಿನೆಂಟು ವರ್ಷದ ಅನುಭವ. ನಾವೆಲ್ಲ ನೋಡಿ ಮುಗಿಸಿದ ಕಟ್ಟು ಕೊನೆಗೆ ಅವಳ ಮೇಜನ್ನು ದಾಟಿಯೇ ಹೋಗಬೇಕು. ಅವಳ ರಜೆಯ ದಿನ ಮೂರು ಸುರುಳಿಗಳನ್ನು ಅವಳ ಮನೆಗೆ ಒಯ್ದೆ.

“ಇದರಾಗ ಏನ್ ನೋಡ್ಬೇಕೋ?” ಅಂದಳು.

ಬೆಲೆ ಹೇಳಿದರೆ ಪಾಲು ಕೇಳುತ್ತಾಳೆ, ಅರ್ಧ ಟೇಪ್‌ರೆಕಾರ್ಡರು ತಗೊಂಡು ನಾನೇನು ಮಾಡಲಿ? ಅದಕ್ಕೇ ಹೇಳಿದೆ: “ಅಚ್ಚು ಒಂದ ಬಾಜೂಕ ಸರದಿರತೈತಿ ಅಕ್ಕಾ, ಒಂದ ಕಡೆ ಚಂದ್ರನಂಗ ಬೋಳು. ಅಂಥಾ ಕೆಟ್ಟ ರೂಪಾಯಿ ಅಂಗಡ್ಯಾವ್ರು ಮುಟ್ಟೂದಿಲ್ಲ ನೋಡ್ರಿ. ಬಡವರ ಪಗಾರ, ಮೋಸ ಆಗಬಾರ್ದು.” ಬಡವರ ಪಗಾರ ಅನ್ನುವಾಗ ದನಿಯಲ್ಲಿ ಸ್ವಲ್ಪ ನಡುಕವನ್ನೂ ಬೆರೆಸಿದೆ. ನಟನೆ ನನಗೆ ಸುಲಭ.

ಪಾಳಿ ಮುಗಿಸಿ ಸಂಜೆ ಅವಳ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತು ಮೆಂತೆಪಲ್ಲೆ ಬಿಡಿಸುತ್ತಿದ್ದಳು. ಸುರುಳಿಗಳನ್ನು ಮತ್ತೆ ನೀಟಾಗಿ ಸುತ್ತಿಟ್ಟಿದ್ದಳು.

“ಒಂದ ಸಿಕ್ತು ನೋಡೋ” ಅಂದಳು.

ನನ್ನ ಬಾಯಿಂದ ನನ್ನದೂ ಅಲ್ಲದ, ಬೇರೆ ಯಾರದೂ ಅಲ್ಲದ ಒಂದು ದನಿ ಬಂತು. “ಹೆಂಗಿತ್ತಕ್ಕಾ?”

“ನೀ ಹೇಳಿದಂಗ. ಸಿಂಹದ ಮಾರಿ ಅರ್ಧಾ ಹೊರಗ, ಇತ್ತಾಗ ಚಂದ್ರ.”

ಟೇಪ್‌ರೆಕಾರ್ಡರು ಆಗಲೇ ನನ್ನ ಹೆಗಲಿಗೆ ಬಂದಾಗಿತ್ತು. “ಎಲ್ಲೈತಿ?”

“ಎಲ್ಲಿ ಇರತೈತಿ? ಬ್ಯಾಂಕಿಗೆ ಹೋಗಿ ಬದಲ್ ಮಾಡಿಸಿಕೊಂಡು ಬಂದೆ. ಕ್ಯಾಶಿಯರ ಮಾರಿ ಗಂಟ ಹಾಕಿದಾ, ನಾ ಬಿಡಲಿಲ್ಲ. ಐವತ್ತಕ್ಕ ಐವತ್ತೂ ಈಗ ಒಳ್ಳೇವ ಅದಾವು.”

ಎಷ್ಟೇ ಆಗಲಿ ಹದಿನೆಂಟು ವರ್ಷದ ಕೈ. ಕೆಟ್ಟದ್ದು ತೆಗೆ, ಒಳ್ಳೆಯದು ಸೇರಿಸು, ಕಟ್ಟು ಮುಚ್ಚು.

ಮರುದಿನ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ನಿಂತಿದ್ದೆ. ಕ್ಯಾಶಿಯರ ನೆನಪು ಮಾಡಿಕೊಂಡು, “ಅದಾ? ಆ ಹೆಣ್ಮಗಳ ಹಿಂದ ಜೊಯಿಡಾದಾವ ಒಬ್ಬ ನಿಂತಿದ್ದ, ಅವನ ಚಿಲ್ಲರ್‍ಯಾಗ ಹೋತು” ಅಂದ. ಯಾರವನು? ಗೊತ್ತಿಲ್ಲ. ಎರಡು ಭಾನುವಾರ ಜೊಯಿಡಾಕ್ಕೆ ಹೋಗಿ ಇದ್ದಬಿದ್ದ ಅಂಗಡಿಗಳಲ್ಲೆಲ್ಲ ಒಂದೊಂದು ಬೆಂಕಿಪೊಟ್ಟಣ ಕೊಂಡು ಚಿಲ್ಲರೆ ನೋಡಿದೆ. ನಾಣ್ಯ ಸಿಗಲಿಲ್ಲ. ಬೆಂಕಿಪೊಟ್ಟಣ ಕೊಳ್ಳುವ ಕಷ್ಟ ಮಾತ್ರ ವರ್ಷಗಟ್ಟಲೆ ಬರಲಿಲ್ಲ.

ಈಗಲೂ ಚಿಲ್ಲರೆ ಕೈಗೆ ಬಂದರೆ ಮಗುಚಿ ನೋಡುತ್ತೇನೆ. ಆದರೆ ಮೊನ್ನೆ ಹಳಿಯಾಳದಲ್ಲಿ ಮೂರು ರೂಪಾಯಿ ಎತ್ತಿಕೊಂಡು ಬರುವಾಗ ನೆನಪಾದದ್ದು ಮುನ್ನೂರಲ್ಲ. ಜೊಯಿಡಾದಿಂದ ಎರಡನೆಯ ಸಲ ಬರಿಗೈಯಲ್ಲಿ ಬಂದ ಮರುದಿನ, ಮಿಲ್ಲಿನಲ್ಲಿ ತಡೆಯಲಾರದೆ ಕಾಶವ್ವಕ್ಕನ ಮುಂದೆ ನಿಜ ಕಕ್ಕಿದ್ದೆ: “ಅಕ್ಕಾ, ಆ ಒಂದು ರೂಪಾಯಿಗೆ ಹುಬ್ಬಳ್ಳ್ಯಾಗ ಮುನ್ನೂರು ಕೊಡತಿದ್ರು. ಕೆಟ್ಟದ್ದು ಅಂತ ನಿಮಗ ಸುಳ್ಳ ಹೇಳಿದ್ದೆ. ನನ್ನ ರೂಪಾಯಿ ಹೋತಲ್ರಿ.”

ಅವಳು ಹಾಳೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಒಂದನ್ನು ಎಳೆದು ಬುಟ್ಟಿಗೆ ಹಾಕಿ, ಇನ್ನೊಂದನ್ನು ಸೇರಿಸಿ ಅಂದಳು:

“ಮೂರು ವರ್ಷ ಆತು, ನೀ ನೋಡದ ಬಿಟ್ಟ ಡಾಗಿನ ಹಾಳಿ ದಿನಾ ನನ್ನ ಮೇಜಿಗೆ ಬರ್ತಾವ, ನಾ ಬಾಯಿ ಮುಚಗೊಂಡು ತಗದ ಹಾಕ್ತೇನಿ. ಅವು ಎಲ್ಲಿ ಹೋದ್ವಕ್ಕಾ ಅಂತ ಒಂದಿನಾನೂ ಕೇಳಿಲ್ಲಲ್ಲೋ ನೀ.”