ಅರ್ಧ ರೇಟಿನ ರಿವಾಲ್ವರು

ನಮ್ಮಣ್ಣ ಹೊಸ ಸಾಮಾನು ಅಂತ ಒಂದನ್ನೂ ಕೊಂಡವನಲ್ಲ. ಟ್ರಾಕ್ಟರು ಕಿಕ್ಕೇರಿಯ ಯಾರೋ ಮಾರಿದ್ದು. ಆಲೆಮನೆಯ ಗಾಣ ಪಾಂಡವಪುರದ ಕಡೆ ಮುಚ್ಚಿಹೋದ ಇನ್ನೊಂದು ಆಲೆಮನೆಯದು. ಮನೆಯ ಫ್ರಿಜ್ಜು ಯಾವುದೋ ಹೋಟೆಲಿನದು, ಅದರ ಬಾಗಿಲ ಮೇಲೆ ಜ್ಯೂಸಿನ ಚಿತ್ರ ಇವತ್ತಿಗೂ ಅಂಟಿಕೊಂಡಿದೆ. ಮನೆಗೆ ಯಾರು ಬಂದರೂ ಮೊದಲು ಸಾಮಾನು ತೋರಿಸ್ತಾನೆ, ಆಮೇಲೆ ರೇಟು ಹೇಳ್ತಾನೆ, ಕಾಫಿ ಏನಿದ್ದರೂ ಅದಾದ ಮೇಲೆ. "ಅಂಗಡೀಲಿ ಕೇಳ್ನೋಡು, ಇದರ ಡಬ್ಬಲ್ ಹೇಳ್ತಾರೆ" ಅನ್ನೋದು ಅವನ ಬಾಯಿಪಾಠ. ರಿವಾಲ್ವರನ್ನೂ ಹಾಗೇ ತಂದ.

ಅಣ್ಣನ ಆಲೆಮನೆ ಇರೋದು ಬೂಕನಕೆರೆ ಪಕ್ಕದ ನಮ್ಮೂರಲ್ಲಿ. ಬೆಲ್ಲ ಮಾರಿದ ದುಡ್ಡು ಜೇಬಲ್ಲಿಟ್ಟುಕೊಂಡು ಒಬ್ಬನೇ ಬೈಕಲ್ಲಿ ಬರಬೇಕು ಅಂತ ಅರ್ಜಿ ಹಾಕಿ, ಓಡಾಡಿ, ಲೈಸೆನ್ಸು ಮಾಡಿಸಿಕೊಂಡ. ಲೈಸೆನ್ಸು ಸಿಕ್ಕ ಮೇಲೆ ಹೊಸ ರಿವಾಲ್ವರಿನ ರೇಟು ಕೇಳಿ ಎದೆ ಹಿಡ್ಕೊಂಡು ಕೂತ. "ಅಷ್ಟು ದುಡ್ಗೆ ಒಂದ್ ಜೊತೆ ಸೀಮೆ ಹಸ ಬತ್ತವೆ ಕಣ್ಲಾ" ಅಂದ. ನಾಗಮಂಗಲದಲ್ಲಿ ಗಾರ್ಡ್ ಕೆಲಸ ಬಿಟ್ಟು ಮನೇಲಿದ್ದ ಒಬ್ಬರು ತಮ್ಮದನ್ನು ಮಾರ್ತಾರಂತೆ ಅಂತ ಗೊತ್ತಾದ ದಿನವೇ ನನಗೆ ಫೋನು ಬಂತು. ನಾನು ಕೆ.ಆರ್. ಪೇಟೆಯಲ್ಲಿ ಟ್ರಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನು. ನಟ್ಟು ಬೋಲ್ಟು ಇರೋ ಯಾವ ವ್ಯಾಪಾರಕ್ಕೂ ಅಣ್ಣ ನನ್ನನ್ನು ಬಿಟ್ಟು ಹೋದವನಲ್ಲ.

ನಾಗಮಂಗಲದಲ್ಲಿ ನಾನು ಅದನ್ನು ಕೈಗೆ ತಗೊಂಡು ನೋಡಿದೆ. ಗುಂಡು ತುಂಬೋ ಚಕ್ರ ತಿರುಗಿಸಿದರೆ ಹಳೇ ಬೇರಿಂಗಿನ ಹಾಗೆ ಅಲ್ಲಾಡ್ತಿತ್ತು. ಹಿಡಿಯ ಒಂದು ಸ್ಕ್ರೂ ಅದರದ್ದಲ್ಲ, ಯಾವುದೋ ರೇಡಿಯೋದ್ದು.

"ಬ್ಯಾಡ ಕಣಣ್ಣ, ಇದು ಸವೆದೋಗೈತೆ" ಅಂದೆ.

ಮಾರೋರಿಗೆ ಸಿಟ್ಟು ಬಂತು. "ನನ್ನ ಸರ್ವೀಸಲ್ಲಿ ಒಂದು ಸಲಾನೂ ಕೈಕೊಟ್ಟಿಲ್ಲ" ಅಂದರು.

"ಒಂದು ಸಲನಾದ್ರೂ ಹಾರ್ಸಿದ್ದೀರಾ?"

"ಇಲ್ಲ. ಅಂಥಾ ಸಂದರ್ಭ ಬರ್ಲಿಲ್ಲ."

ಅಣ್ಣ ಅದನ್ನೇ ಕೊಂಡ. ಕಾಗದಪತ್ರ ಎಲ್ಲ ಕ್ರಮವಾಗಿ ಮಾಡಿಸಿಕೊಂಡ, ಅದರಲ್ಲಿ ಅವನನ್ನು ದೂರೋ ಹಾಗಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ "ಅಂಥಾ ಸಂದರ್ಭ ಬರ್ಲಿಲ್ಲ" ಅನ್ನೋ ಮಾತನ್ನು ಹೇಳ್ಕೊಂಡು ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆವು. ಆ ಮೇಲೆ ಅದು ಬೀರು ಸೇರಿತು. ಎಲೆಕ್ಷನ್ ಬಂದರೆ ಸ್ಟೇಷನ್ನಿಗೆ ಒಪ್ಪಿಸೋದು, ಮುಗಿದ ಮೇಲೆ ತರೋದು, ನೆಂಟರು ಬಂದರೆ ತೋರಿಸೋದು. ಅದಕ್ಕಿದ್ದ ಕೆಲಸ ಇಷ್ಟೇ.

ಹೋದ ವರ್ಷ ನಾನು ನನ್ನ ಪಾಲಿನ ಕಬ್ಬನ್ನು ಅಣ್ಣನ ಆಲೆಮನೆಗೆ ಕೊಡದೆ ಫ್ಯಾಕ್ಟರಿಗೆ ಕೊಟ್ಟೆ. ಅಣ್ಣನಿಗೆ ಕೊಟ್ಟರೆ ಏನಾಗ್ತಿತ್ತು ಅಂದರೆ, "ನಮ್ದೇ ಅಲ್ವೇನ್ಲಾ, ಕೊನೇಲಿ ಅರೆದ್ರಾಯ್ತು" ಅಂತ ಊರವರ ಕಬ್ಬೆಲ್ಲ ಮುಗಿಯೋ ತನಕ ನನ್ನದನ್ನು ಗದ್ದೆಯಲ್ಲೇ ಒಣಗಿಸ್ತಿದ್ದ. ಪ್ರತಿ ವರ್ಷ ಇದೇ ಗೋಳು. ಸಾಕಾಗಿ ಹೋಗಿತ್ತು. ಆದರೆ ಆಲೆಮನೆ ಇಟ್ಟವನ ಒಡಹುಟ್ಟಿದ ತಮ್ಮನೇ ಫ್ಯಾಕ್ಟರಿ ಲಾರಿ ಕರೆಸಿದರೆ ಊರಲ್ಲಿ ಅವನ ಮೂಗು ಕೊಯ್ದ ಹಾಗೆ ಅಂತ ಅವನ ಲೆಕ್ಕ.

ಬೆಳಿಗ್ಗೆ ಲಾರಿಗೆ ಕಬ್ಬು ತುಂಬ್ತಾ ಇದ್ದರು. ಅಣ್ಣ ಬದುವಿನ ಮೇಲೆ ಬರಿಗಾಲಲ್ಲಿ ಬಂದ. ಹೆಗಲ ಮೇಲೆ ಟವೆಲು, ಕೈಯಲ್ಲಿ ರಿವಾಲ್ವರು.

"ಯಾರನ್ ಕೇಳಿ ಕಡಿಸ್ದೆ?"

"ನನ್ ಕಬ್ಬು ಕಡ್ಸಕ್ಕೆ ಯಾರನ್ ಕೇಳ್ಬೇಕಣ್ಣ?"

ಅವನು ಅದನ್ನು ನನ್ನ ಎದೆಗೆ ಹಿಡಿದ. ಇಬ್ಬರ ನಡುವೆ ಒಂದು ಕಬ್ಬಿನ ಜಲ್ಲೆಯಷ್ಟು ಜಾಗ ಇತ್ತೋ ಇಲ್ಲವೋ. ಒತ್ತಿದ. ಟಕ್ ಅಂತು. ಇನ್ನೊಂದು ಸಲ ಒತ್ತಿದ. ಮತ್ತೆ ಟಕ್ ಅಂತು. ಅಷ್ಟರಲ್ಲಿ ಕಬ್ಬು ಕಡಿಯೋರು ಕತ್ತಿ ಬಿಸಾಕಿ ಓಡಿ ಬಂದು ಅವನನ್ನು ತಬ್ಬಿ ಹಿಡಿದುಕೊಂಡರು. ಅವನು ಬದುವಿನ ಮೇಲೆ ಕುಕ್ಕರಿಸಿ ಬಿಟ್ಟ.

ಆಗ ನನಗೇನನ್ನಿಸಿತು ಅಂತ ಎಲ್ಲರೂ ಕೇಳ್ತಾರೆ. ಏನೂ ಅನ್ನಿಸಲಿಲ್ಲ. ಅವನ ಲುಂಗಿ ಕೆಳಗೆ ಚಡ್ಡಿ ಲಾಡಿ ಇಳಿಬಿದ್ದಿತ್ತು, ಅದನ್ನೇ ನೋಡ್ತಾ ನಿಂತಿದ್ದೆ. ಆಮೇಲೆ ಡ್ರೈವರಿಗೆ "ಹಗ್ಗ ಬಿಗಿ ಮಾಡಪ್ಪ, ದಾರೀಲಿ ಉದುರ್ತವೆ" ಅಂದೆ. ಲಾರಿ ಹೊರಟಿತು. ಮನೆಗೆ ಹೋಗಿ ಮುದ್ದೆ ಉಂಡೆ, ಸೊಪ್ಪಿನ ಸಾರು ಚೆನ್ನಾಗಿತ್ತು, ಇನ್ನೊಂದು ಸಲ ಹಾಕಿಸಿಕೊಂಡೆ.

ಸಂಜೆ ಊರಿನ ನಾಲ್ಕು ಜನ ದೊಡ್ಡವರು ನಮ್ಮಿಬ್ಬರನ್ನೂ ಆಲೆಮನೆ ಜಗುಲಿ ಮೇಲೆ ಕೂರಿಸಿದರು. ಅಣ್ಣ ತಲೆ ಬಗ್ಗಿಸಿಕೊಂಡು, "ಗುಂಡೆಲ್ಲಿತ್ತು? ಖಾಲಿ ಇತ್ತು. ಸುಮ್ನೆ ಎದರ್ಸೋವಾ ಅಂತ ತಗಬಂದೆ" ಅಂದ. ದೊಡ್ಡವರಿಗೆ ಅಷ್ಟೇ ಬೇಕಾಗಿತ್ತು.

"ಹಂಗಾರೆ ಅವ್ವನ ಫೋಟೋ ಮುಟ್ಟಿ ಯೋಳ್ಲಿ" ಅಂದೆ ನಾನು.

"ಥೂ, ಬಾಯ್ ಮುಚ್ಲಾ. ಅಣ್ಣ ತಮ್ಮಂದ್ರ ಮಧ್ಯೆ ಆಣೆ ಪ್ರಮಾಣ ಮಾಡಿಸ್ತಾವ್ನೆ. ಪಿಸ್ತೂಲು ಆರ್ಲಿಲ್ಲ ತಾನೆ? ಮುಗೀತು, ಬುಡು" ಅಂತ ನನಗೇ ಬೈದರು. ಪೊಲೀಸು ಗಿಲೀಸು ಅಂತ ಯಾರೂ ಹೋಗಬಾರದು ಅಂತಲೂ ಅಲ್ಲೇ ತೀರ್ಮಾನ ಆಯಿತು. ಒಬ್ಬರು "ಅರ್ಧ ರೇಟಿನ ಪಿಸ್ತೂಲು, ಅರ್ಧ ದಾರೀಲೇ ನಿಂತ್ಕತು" ಅಂದರು. ಎಲ್ಲರೂ ಗೊಳ್ ಅಂತ ನಕ್ಕರು. ಅಣ್ಣನೂ ನಕ್ಕ. ನಾನೂ ನಕ್ಕೆ ಅಂತ ಆಮೇಲೆ ಯಾರೋ ಹೇಳಿದರು, ನನಗೆ ನೆನಪಿಲ್ಲ.

ನಗದೆ ಇದ್ದವಳು ನನ್ನ ಹೆಂಡತಿ ಒಬ್ಬಳೇ. "ಗುಂಡಿತ್ತೋ ಇಲ್ವೋ ಅದೊಂದು ನಂಗೆ ಗೊತ್ತಾಗ್ಬೇಕು ಕನ್ರೀ. ಇರ್ಲಿಲ್ಲ ಅಂದ್ರೆ ನಾಳೇನೇ ಭಾವನ ಮನೆಗೆ ಓಗಿ ಉಂಡ್ಕಬತ್ತೀನಿ. ಇತ್ತು ಅಂದ್ರೆ ನನ್ ಮಕ್ಳು ಆ ಹೊಸ್ಲು ತುಳಿಯಲ್ಲ" ಅಂದಳು.

"ಇರ್ಲಿಲ್ಲ ಬುಡು."

"ನೀವು ನೋಡಿದ್ರಾ?"

ನಾನು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ರಿವಾಲ್ವರನ್ನು ಅವನ ಕೈಯಿಂದ ಕಿತ್ತುಕೊಂಡೋರು ಹೆದರಿ ಹಾಗೇ ಅತ್ತಿಗೆ ಕೈಗೆ ಕೊಟ್ಟಿದ್ದರು, ಅತ್ತಿಗೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ಅಣ್ಣನ ಸೊಂಟದಲ್ಲಿ.

ಆಮೇಲೆ ಎಷ್ಟೋ ತಿಂಗಳು ನನ್ನ ತಲೆಯಲ್ಲಿ ಅದೊಂದೇ. ಖಾಲಿ ಇತ್ತು ಅಂದರೆ ಅವನು ನನ್ನಣ್ಣ, ಕೋಪಿಷ್ಠ, ಬಾಯಿಬಡುಕ, ಅಷ್ಟೇ. ತುಂಬಿತ್ತು ಅಂದರೆ ಅವನು ನನ್ನನ್ನು ಕೊಂದಾಗಿದೆ, ನಾನು ಸಾಯಲಿಲ್ಲ ಅಷ್ಟೇ. ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡ್ತಿದ್ದೆ, ಗಿರಾಕಿ ಫಿಲ್ಟರು ಕೇಳಿದರೆ ಫ್ಯಾನ್ ಬೆಲ್ಟು ಕೊಡ್ತಿದ್ದೆ. ಸ್ನಾನ ಮಾಡುವಾಗ ಎದೆಗೆ ಸೋಪು ಹಚ್ಚಿದರೆ ಬೇರೆ ಯಾರದೋ ಎದೆಗೆ ಹಚ್ಚಿದ ಹಾಗಿರ್ತಿತ್ತು. ಸಿಟ್ಟಾದರೂ ಬರಲಿ ಅಂತ ಕಾದೆ, ಅದೂ ಬರಲಿಲ್ಲ.

ಒಂದು ದಿನ ಅಣ್ಣನ ಫೋನು. ಏನೂ ಆಗೇ ಇಲ್ಲ ಅನ್ನೋ ಹಾಗೆ, "ಲೇ, ನಾಳೆ ಪಟ್ಣಕ್ಕೆ ಓಗದೈತೆ, ಬಾರ್ಲಾ. ಪಿಸ್ತೂಲು ರಿಪೇರಿ ಮಾಡಿಸ್ಬೇಕು. ನೀನಿದ್ರೆ ರೇಟು ಕಟ್ಟಬೋದು" ಅಂದ. ನಮ್ಮ ಕಡೆ ಪಟ್ಣ ಅಂದರೆ ಶ್ರೀರಂಗಪಟ್ಟಣ. ಯಾವನಾದರೂ ಮಾನ ಮರ್ಯಾದೆ ಇರೋನು ಆಗ ಫೋನನ್ನು ಗೋಡೆಗೆ ಎಸೀಬೇಕು. ನಾನು "ಆಯ್ತು ಕಣಣ್ಣ, ಎಷ್ಟೊತ್ಗೆ?" ಅಂದೆ. ರಿಪೇರಿಯವರು ಅದನ್ನು ಬಿಚ್ಚುವಾಗ ಏನಾದರೂ ಗೊತ್ತಾಗುತ್ತೆ ಅಂತ ಒಳಗೊಳಗೇ ಇತ್ತು, ನಿಜ. ಆದರೆ ಅವನು ಕರೆದರೆ ಹೋಗೋದು ರೂಢಿ, ಅದೂ ನಿಜ.

ಅವನ ಬೈಕಿನ ಹಿಂದೆ ಕೂತೆ. ರಿವಾಲ್ವರು ಸೀರೆ ಅಂಗಡಿಯ ಬಟ್ಟೆ ಚೀಲದಲ್ಲಿ, ಚೀಲ ನನ್ನ ತೊಡೆ ಮೇಲೆ. ಒಂದು ಕೆ.ಜಿ. ಈರುಳ್ಳಿ ಇಟ್ಟುಕೊಂಡ ಹಾಗಿತ್ತು. ಪಾಂಡವಪುರದಲ್ಲಿ ಇಡ್ಲಿ ತಿಂದೆವು. ಬೆಲ್ಲದ ರೇಟು, ಆಲೆಮನೆಗೆ ಬಂದ ಹೊಸ ಕೆಲಸಗಾರರ ಸೋಮಾರಿತನ, ತೊಣ್ಣೂರಿನ ಕಡೆ ಯಾರೋ ಹಳೇ ಡೀಸೆಲ್ ಎಂಜಿನ್ನು ಮಾರ್ತಾರಂತೆ ಅನ್ನೋ ಸುದ್ದಿ, ಎಲ್ಲ ಹೇಳಿದ. ನಾನು ಹ್ಞೂಂ ಹ್ಞೂಂ ಅಂದೆ.

ಪಟ್ಟಣದ ಕೋಟೆ ಒಳಗಿನ ಗಲ್ಲಿಯಲ್ಲಿ ಒಂದು ಹಳೇ ಬಂದೂಕಿನ ಅಂಗಡಿ. ಅಂಗಡಿಯ ಸಾಬ್ರು ಕನ್ನಡಕ ಏರಿಸಿಕೊಂಡು ಲೈಸೆನ್ಸು ನೋಡಿದರು, ಆಮೇಲೆ ರಿವಾಲ್ವರನ್ನು ದೀಪಕ್ಕೆ ಹಿಡಿದರು. ಚಕ್ರ ಖಾಲಿ ಇತ್ತು. ಮನೆಯಿಂದ ಹೊರಡುವಾಗ ಖಾಲಿ ಮಾಡಿಯೇ ತರ್ತಾರೆ, ಅದರಲ್ಲೇನಿದೆ. ನನಗೆ ಏನೋ ಸಮಾಧಾನ, ಏನೋ ನಿರಾಸೆ. ಸಾಬ್ರು ಸೂಜಿ ತಗೊಂಡು ಒಳಗೆ ಕೆದಕಿದರು. ಕೆಂಪು ಹಳದಿ ಹೆಂಟೆ ಪುಡಿಪುಡಿಯಾಗಿ ಪೇಪರ್ ಮೇಲೆ ಬಿತ್ತು.

"ಯಾ ಅಲ್ಲಾ! ಏನ್ ಗೌಡ್ರೇ ಇದು?"

ಅಣ್ಣ ನಾಚಿಕೊಂಡ. "ಆಯುಧಪೂಜೆ ಸಾಬ್ರೇ. ನಮ್ ಮನೆಯವಳು ಕುಂಕುಮ, ಅರಿಸಿನ, ಗಂಧ ಎಲ್ಲ ಬಳೀತಾಳೆ. ಟ್ರಾಕ್ಟರಿಗೆ ಮಾಡಿದಂಗೇ ಇದಕ್ಕೂ."

"ಗುಂಡಿನ ಹಿಂದಕ್ಕೆ ಹೊಡಿಯೋ ಮೊಳೆ ಮುಂದೆ ಬರೋಕೆ ಜಾಗಾನೇ ಇಲ್ಲ. ಹೋಗ್ಲಿ, ಇದನ್ನ ಕ್ಲೀನ್ ಮಾಡಬಹುದು. ಮಾಲೇ ಸರಿ ಇಲ್ವಲ್ಲ. ಸ್ಪ್ರಿಂಗು ಸತ್ತೋಗಿದೆ. ಎಷ್ಟು ಕೊಟ್ರಿ ಇದಕ್ಕೆ?"

ಅಣ್ಣ ಹೆಮ್ಮೆಯಿಂದ ರೇಟು ಹೇಳಿದ. ಸಾಬ್ರು ನಕ್ಕುಬಿಟ್ಟರು. "ಗುಜರಿಯವನಿಗೆ ತೂಕಕ್ಕೆ ಹಾಕಿದ್ರೂ ಇಷ್ಟು ಕೊಡಲ್ಲ. ಗುಂಡೂ ಇದನ್ನ ಮಾರಿದವರ ಹತ್ರಾನೇ ತಗೊಂಡಿರ್ತೀರಿ, ಹಳೇದು, ತೇವ ಹಿಡಿದಿರ್ತದೆ."

ಅಣ್ಣನ ವ್ಯಾಪಾರವನ್ನು ಹೊರಗಿನವರು ಯಾರೂ ಹೀಗೆ ಆಡಿಕೊಂಡಿರಲಿಲ್ಲ. ಅವನ ಮುಖ ಕೆಂಪಗಾಯಿತು.

"ಏನ್ ಸಾಬ್ರೇ ಇಂಗಂತೀರಿ? ಗುಂಡು ಹೊಸಾವು! ಗುಂಡಲ್ಲಿ ನಾನು ಚೌಕಾಸಿ ಮಾಡ್ದೋನಲ್ಲ. ಅವತ್ತು ಬೆಳಿಗ್ಗೆ ಡಬ್ಬಿ ಒಡೆದು ನಾನೇ ಕೈಯಾರೆ ತುಂಬ್ಕಂಡೋಗಿವ್ನಿ. ಗಟ್ಯಾಗಿ ಒತ್ತಿವ್ನಿ, ಒಂದ್ಸಲ ಅಲ್ಲ, ಎರಡ್ಸಲ. ಆದ್ರೂ ಆರ್ಲಿಲ್ಲ ಅಂದ್ರೆ ಅದೆಂಗೆ..."

ಅಲ್ಲಿಗೆ ನಿಂತ. ಅಂಗಡಿಯ ಫ್ಯಾನು ತಿರುಗ್ತಾ ಇತ್ತು. ಅವನು ನನ್ನ ಕಡೆ ತಿರುಗಲಿಲ್ಲ.

ಸಾಬ್ರಿಗೇನು ಗೊತ್ತು ಪಾಪ. ಸೂಜಿ ಒರೆಸ್ತಾ, "ಏನಕ್ಕೆ ಹೊಡೆಯೋಕೆ ಹೋಗಿದ್ರಿ, ಹಂದಿಗಾ?" ಅಂದರು.

ನಾನೇ ಹೇಳಿದೆ, "ಹ್ಞೂಂ, ಹಂದಿಗೆ."

"ತಪ್ಪಿಸ್ಕೊಳ್ತಾ?"

"ತಪ್ಪಿಸ್ಕೊಳ್ತು."

"ಇನ್ನು ಯೋಚನೆ ಬೇಡ. ಸ್ಪ್ರಿಂಗು ಹೊಸದು ಹಾಕಿ, ಮೊಳೆ ಸಾಣೆ ಹಿಡಿದು ಕೊಡ್ತೀನಿ. ಮುಂದಿನ ಸಲ ತಪ್ಪಲ್ಲ, ಗ್ಯಾರಂಟಿ ನಂದು" ಅಂದರು ಸಾಬ್ರು.

ರೇಟು ಕಟ್ಟೋಕೆ ಅಂತಲೇ ನನ್ನನ್ನು ಕರ್ಕೊಂಡು ಬಂದಿದ್ದು. ನಾನು ಬಾಯಿ ತೆಗೆದೆ. "ಸಾಬ್ರೇ, ರಿಪೇರಿ ಮಾಡ್ದೆ ಇದ್ದಂಗೇ ಕೊಡಕ್ಕೆ ಏನ್ ತಗತೀರಿ?"

ತಮಾಷೆ ಅಂದುಕೊಂಡು ಅವರು ನಗೋಕೆ ಹೊರಟರು. ಆಮೇಲೆ ನಮ್ಮಿಬ್ಬರ ಮುಖ ನೋಡಿ ಸೂಜಿ ಕೆಳಗಿಟ್ಟರು. ಅಣ್ಣ ಕೌಂಟರಿನ ಮೇಲಿದ್ದ ಕುಂಕುಮದ ಪುಡಿಯನ್ನೇ ನೋಡ್ತಿದ್ದ. ಕೊನೆಗೆ, "ಅಂಗೇ ಕೊಟ್ಬುಡಿ ಸಾಬ್ರೇ" ಅಂದ.

ಹೊರಗೆ ಬಂದೆವು. ಚೀಲ ಈಗ ಅವನ ಕೈಯಲ್ಲಿತ್ತು. ಬೈಕಿನ ಹತ್ತಿರ ನಿಂತು, ಬೈಕಿನ ಕೀ ಹುಡುಕೋ ಹಾಗೆ ಜೇಬು ತಡಕಾಡಿದ. ಕೀ ಬೈಕಲ್ಲೇ ಇತ್ತು.

"ಮನೇಲಿ ಏನಂತ ಯೋಳೀಯೆ?" ಅಂದ.

"ಇತ್ತು ಅಂತ ಯೋಳ್ತೀನಿ."

ಅವನು ತಲೆ ಆಡಿಸಿದ. ಟವೆಲಿಂದ ಮುಖ ಒರೆಸಿಕೊಂಡ. ಎಷ್ಟೋ ಹೊತ್ತು ಒರೆಸಿಕೊಂಡ. ಅಳ್ತಿದ್ದನೋ ಬೆವರೋ, ನೋಡೋಕೆ ನನಗೆ ಮನಸ್ಸಾಗಲಿಲ್ಲ. ಆಮೇಲೆ ಬೈಕು ಹತ್ತಿ, ಹಿಂದಿನ ಸೀಟನ್ನು ಕೈಯಲ್ಲಿ ಒರೆಸಿ, "ಹತ್ಕಳ್ಲಾ, ಬಿಸ್ಲಾಯ್ತದೆ" ಅಂದ.

"ನೀನು ಓಗಣ್ಣ. ನಾನು ಬಸ್ಸಲ್ಲಿ ಓಯ್ತೀನಿ."

ಹುಟ್ಟಿದಾಗಿನಿಂದ ಅವನು ಕರೆದಾಗ ನಾನು ಬರಲ್ಲ ಅಂದಿದ್ದು ಅದೇ ಮೊದಲು. ಬಸ್‌ಸ್ಟ್ಯಾಂಡಿಗೆ ನಡೆದೆ. ಅವನು ಬೈಕು ಸ್ಟಾರ್ಟ್ ಮಾಡದೆ, ತಳ್ಳಿಕೊಂಡು ಹಿಂದೆ ಬಂದ. ಬಸ್ಸು ಬರೋ ತನಕ ರಸ್ತೆಯ ಆಚೆ ಬದಿ, ಚೀಲ ಹಿಡ್ಕೊಂಡು ನಿಂತೇ ಇದ್ದ. ಬಸ್ಸು ಖಾಲಿ ಇತ್ತು, ಎಲ್ಲಿ ಬೇಕಾದರೂ ಕೂರಬಹುದಾಗಿತ್ತು. ನಾನು ಅವನು ಕಾಣದ ಕಡೆಯ ಕಿಟಕಿ ಪಕ್ಕ ಹೋಗಿ ಕೂತೆ.