ಕಂಬ ತಟ್ಟುವ ರಾಯರು

ಶೇಷಗಿರಿರಾಯರು ಬೆಳಗಿನ ವಾಕಿಂಗಿಗೆ ಸುತ್ತಿಗೆ ಹಿಡಿದು ಹೊರಡುತ್ತಿದ್ದರು. ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರೈಲುಗಾಲಿಗಳನ್ನು ತಟ್ಟಿ, ಸದ್ದಿನಿಂದಲೇ ಬಿರುಕು ಪತ್ತೆಹಚ್ಚಿದವರು. ನಿವೃತ್ತರಾಗಿ ತಿರುವಾನ್ಮಿಯೂರಿನ ಕಡಲಂಚಿನ ನಮ್ಮ ಹಳೆಯ ಅಪಾರ್ಟ್‌ಮೆಂಟಿಗೆ ಬಂದ ಮೇಲೆ, ಗಾಲಿಗಳಿಲ್ಲದ ಕಾರಣ ಕಂಬಗಳನ್ನು ತಟ್ಟತೊಡಗಿದರು. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಗಾರೆ ಉಬ್ಬಿದ ಕಟ್ಟಡ ಅದು. ಟೊಳ್ಳು ಕೇಳಿಸಿದಲ್ಲೆಲ್ಲ ಸೀಮೆಸುಣ್ಣದ ಒಂದು ಸುತ್ತು ಬೀಳುತ್ತಿತ್ತು.

"ಕಟ್ಟಡಕ್ಕ ಜ್ವರ ಬಂದದರೀ ಸೆಕ್ರೆಟರಿ ಸಾಹೇಬ್ರ," ಎನ್ನುತ್ತಿದ್ದರು ನನಗೆ. "ಮನುಷ್ಯಾ ಸುಳ್ಳು ಹೇಳ್ತಾನ, ಕಬ್ಬಿಣ ಹೇಳಂಗಿಲ್ಲ."

ದುರಸ್ತಿಯೋ ಬಣ್ಣವೋ ಎಂದು ನಮ್ಮ ಸಂಘದ ಮಹಾಸಭೆ ಎರಡು ಗಂಟೆ ಗಹನವಾಗಿ ಚಿಂತಿಸಿತು. ಬಣ್ಣ ಗೆದ್ದಿತು, ದುರಸ್ತಿ ಬೀದಿಯಿಂದ ಕಾಣುವುದಿಲ್ಲವಲ್ಲ. ಬಳಿದದ್ದು ಬಿಳಿ. ಅದರ ಮೇಲೆ ಸೀಮೆಸುಣ್ಣ ಕಾಣದ್ದರಿಂದ ರಾಯರು ಇದ್ದಿಲು ಹಿಡಿದರು. ಅವರಿಗೆ ನೋಟಿಸು ಹೋಯಿತು. 'ಕಟ್ಟಡದ ಸೌಂದರ್ಯಕ್ಕೆ ಧಕ್ಕೆ' ಎಂಬ ಮಾತನ್ನು ನಾನೇ ಹುಡುಕಿ ಹಾಕಿದ್ದೆ.

ಓದಿ, ಮಡಚಿ ಜೇಬಿಗಿಟ್ಟುಕೊಂಡರು. "ಅಕ್ಷರ ಛಲೋ ಅದಾವ್ರೀ. ಇನ್ನ ಗ್ವಾಡಿ ಮುಟ್ಟಂಗಿಲ್ಲ ಬಿಡ್ರಿ."

ಮರುದಿನ ಕೆಳಗೆ ಅಂಗಳದಲ್ಲಿ, ಮೊದಲ ಮಹಡಿಯ ಬಾಲ್ಕನಿಯೊಂದರ ನೆರಳಿನಾಚೆ, ಬಿಸಿಲಿನಲ್ಲಿ, ಬೆತ್ತದ ಕುರ್ಚಿ ಹಾಕಿಕೊಂಡು ಕೂತರು. ಅದರ ಕೆಳಗೆ ಯಾರು ಬಂದರೂ ಗದರಿಸಿ ಅಟ್ಟುತ್ತಿದ್ದರು. ಇದೇನು ಎಂದು ಕೇಳಿದೆ.

"ಬರೀಬ್ಯಾಡ ಅಂದ್ರಿ. ಕೂಡಬ್ಯಾಡ ಅಂದಿಲ್ಲಲ್ರೀ?"

ನಿಯಮಾವಳಿ ತೆಗೆದು ನೋಡಿದೆ. ಕುರ್ಚಿಯ ಬಗ್ಗೆ ಅದು ಮೌನವಾಗಿತ್ತು. ಹೀಗಾಗಿ ಸಂಘ ಅವರನ್ನು ಅಲ್ಲಿಯೇ ಬಿಟ್ಟಿತು.

ತಿಂಗಳು ಕಳೆದಿರಲಿಲ್ಲ. ಒಂದು ಮಧ್ಯಾಹ್ನ ಹೂ ಮಾರುವ ಸೆಲ್ವಿ ಬಿಸಿಲು ತಾಳದೆ ಆ ಬಾಲ್ಕನಿಯ ನೆರಳಿನಲ್ಲಿ ಬುಟ್ಟಿ ಇಳಿಸಿದಳು. ಮೇಲಿನಿಂದ ಸಣ್ಣಗೆ ಗಾರೆ ಉದುರಿತಂತೆ. ರಾಯರು ಎದ್ದು ಓಡಿ ಅವಳನ್ನು ಹೊರಗೆ ತಳ್ಳಿದರು. ತಾವು ಹೊರಬರುವಷ್ಟರಲ್ಲಿ ಬಾಲ್ಕನಿ ಬಿತ್ತು.

ಸಂತಾಪದ ನಿರ್ಣಯವನ್ನೂ ನಾನೇ ಬರೆದೆ. ಅಕ್ಷರ ಛಲೋ ಇದ್ದವು.

ಹದಿನಾಲ್ಕನೆಯ ದಿನ ಅವರ ಹೆಂಡತಿ ನಮ್ಮ ಮನೆಗೆ ಬಂದು ಸುತ್ತಿಗೆಯನ್ನು ಮೇಜಿನ ಮೇಲಿಟ್ಟರು. "ಇನ್ನ ನೀವ ನೋಡ್ಕೋರಿ," ಎಂದರು. ಕೂರಲಿಲ್ಲ.

ಈಗ ಬೆಳಗ್ಗೆ ನಾನು ತಟ್ಟುತ್ತೇನೆ. ಸೆಲ್ವಿ ಸೊಂಟದಿಂದ ಬುಟ್ಟಿ ಇಳಿಸದೆ ಕಾಯುತ್ತಾಳೆ.

"ಇಂಗೆ ಉಕ್ಕಾರಲಾಮಾ, ಸಾರ್?" ಇಲ್ಲಿ ಕೂರಬಹುದೇ ಎಂದು ಕೇಳುತ್ತಾಳೆ.

ಇನ್ನೊಮ್ಮೆ ತಟ್ಟುತ್ತೇನೆ. ನನಗೆ ಎಲ್ಲ ಕಂಬಗಳೂ ಒಂದೇ ಥರ ಕೇಳಿಸುತ್ತವೆ.